ಹಾಸಿಗೆಯ ಕೆಳಗಿನ ಬೋಲ್ಟು

ಫ್ಯಾನು ಹಾಕಿದರೆ ದೀಪ ಮಂಕಾಗುತ್ತಿತ್ತು. ದೀಪ ಹಾಕಿದರೆ ಫ್ಯಾನು ಏದುಸಿರು ಬಿಡುತ್ತಿತ್ತು. ನೀರಿನ ಪಂಪಿನ ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಕೈಚೆಲ್ಲುತ್ತಿದ್ದವು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಂದ ಕಿತ್ತುಕೊಂಡದ್ದೇ ಆಗಿರಬೇಕು ಎಂಬಂತೆ ನಡೆದುಕೊಳ್ಳುತ್ತಿದ್ದ ಆ ಹಳೆಯ ವ್ಯಾನಿನೊಳಗೆ, ಪುಟ್ಟ ಒಲೆಗೂ ಮಲಗುವ ಹಾಸಿಗೆಗೂ ನಡುವಿನ ಇಕ್ಕಟ್ಟಿನಲ್ಲಿ, ಅವನು ಬೆಳಗಿನ ಕಾಫಿಯಾದಾಗಿನಿಂದ ಅಂಗಾತ ಬಿದ್ದುಕೊಂಡಿದ್ದ. ಎದೆಯ ಮೇಲೆ ಕರೆಂಟು ಅಳೆಯುವ ಮೀಟರು. ಅದರ ಕಪ್ಪು ವೈರಿನ ಕ್ಲಿಪ್ಪನ್ನು ಬ್ಯಾಟರಿಯ ಒಂದು ತುದಿಗೆ ಕಚ್ಚಿಸಿ, ಕೆಂಪು ಕಡ್ಡಿಯನ್ನು ಮಾತ್ರ ಕೈಯಲ್ಲಿ ಹಿಡಿದು, ಫ್ಯೂಸಿನ ಪೆಟ್ಟಿಗೆಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ, ಕಳ್ಳನ ಜಾಡು ಹಿಡಿದವನಂತೆ ಒಂದೊಂದೇ ಕಡೆ ಮುಟ್ಟಿಸುತ್ತ ಬಂದಿದ್ದ. ಎಲ್ಲಿ ಮುಟ್ಟಿಸಿದರೂ ಮೀಟರು ಅದೇ ಅಂಕಿಯನ್ನು ತೋರಿಸಿ, ಇಲ್ಲೇನೂ ತಪ್ಪಿಲ್ಲ, ಮುಂದೆ ನೋಡು ಎನ್ನುತ್ತಿತ್ತು. ತಪ್ಪಿಲ್ಲ ಎನ್ನುವುದೇ ಅವನಿಗೆ ಬೇಡವಾಗಿತ್ತು. ಎಲ್ಲಾದರೂ ಒಂದು ಕಡೆ ಸುಟ್ಟ ವೈರು, ಸಡಿಲ ಬಿಟ್ಟ ತಿರುಪು, ಅವಸರದಲ್ಲಿ ಸುತ್ತಿದ ಟೇಪು ಸಿಕ್ಕಿದ್ದರೆ, ನೋಡು, ನಿನ್ನವನ ಕೆಲಸ ಎಂದು ಹೆಂಡತಿಗೆ ಬಾಯಲ್ಲಿ ಹೇಳದೆಯೇ ತೋರಿಸಬಹುದಿತ್ತು.

ನಿನ್ನವನಲ್ಲ, ನಿನ್ನವನಾಗಿದ್ದವನು ಎಂದು ಅವನು ತನ್ನನ್ನೇ ತಿದ್ದಿಕೊಂಡ. ಹೆಂಡತಿಯ ಮೊದಲ ಗಂಡ ನಾಟಕಗಳಿಗೆ ಲೈಟು ಹಾಕುವವನು. ವ್ಯಾನಿನೊಳಗೆ ಹಾಸಿಗೆ ಕೂರಿಸಿ, ಒಲೆ ಕೂರಿಸಿ, ವೈರು ಎಳೆದವನು ಅವನೇ. ಬೇರೆಯಾಗುವಾಗ ಮನೆ ಅವನಿಗೆ, ವ್ಯಾನು ಅವಳಿಗೆ ಎಂದು ಒಂದು ಜೋರು ಮಾತೂ ಇಲ್ಲದೆ ಹಂಚಿಕೊಂಡಿದ್ದರಂತೆ. ಆ ಜೋರು ಮಾತಿಲ್ಲದ್ದೇ ಇವನನ್ನು ಕೊರೆಯುತ್ತಿತ್ತು. ತಟ್ಟೆ ಒಡೆದು, ಬಾಗಿಲು ಬಡಿದು ಹೊರಟು ಬಂದಿದ್ದರೆ ಅದು ಮುಗಿದ ಕತೆ ಎಂದು ನಂಬಬಹುದಿತ್ತು. ಇವರೋ ಓದಿ ಮುಗಿಸಿದ ಪುಸ್ತಕವನ್ನು ಹಿಂದಿರುಗಿಸುವವರ ಹಾಗೆ ನಗುತ್ತ ಬೇರೆಯಾಗಿದ್ದರು; ಈಗಲೂ ಹುಟ್ಟಿದ ದಿನಕ್ಕೆ ಫೋನು, ನೆಗಡಿಯಾದರೆ ಫೋನು. ನಿನ್ನೆ ಊಟ ಮಾಡುವಾಗ ಅವಳು ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಸಲೀಸಾಗಿ ಹೇಳಿದ್ದಳು: "ನಾಳೆ ಸಂಜೆಯೊಳಗೆ ನಿಮಗೆ ಸಿಗಲಿಲ್ಲ ಅಂದ್ರೆ ಅವನನ್ನೇ ಬಾ ಅಂತೀನಿ ರೀ. ಭಾನುವಾರ ಬಂದು ನೋಡಿ ಹೋಗ್ಲಿ. ಹಾಕಿದವನಿಗೆ ಗೊತ್ತಿರುತ್ತಲ್ಲ."

ಹಾಕಿದವನಿಗೆ ಗೊತ್ತಿರುತ್ತದೆ. ರಾತ್ರಿಯೆಲ್ಲ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಇತ್ತು. ಆ ಮನುಷ್ಯ ಬರುತ್ತಾನೆ, ಬಾಗಿಲ ಚಿಲಕ ಯಾವ ಕಡೆಗೆ ತಿರುಗುತ್ತದೆಂದು ಯೋಚಿಸದೆ ತೆಗೆಯುತ್ತಾನೆ, ತಲೆ ತಗ್ಗಿಸಬೇಕಾದ ಕಡೆ ತಾನಾಗಿ ತಲೆ ತಗ್ಗುತ್ತದೆ, ಇದೇ ಇಕ್ಕಟ್ಟಿನಲ್ಲಿ ಅಂಗಾತ ಮಲಗಿ ಒಂದು ಕಾಲಕ್ಕೆ ಅವರಿಬ್ಬರದಾಗಿದ್ದ ಹಾಸಿಗೆಯ ಕೆಳಗೆ ಕೈ ಹಾಕುತ್ತಾನೆ. ತಾನು ಹೊರಗೆ ನಿಂತು ಸ್ಪ್ಯಾನರ್ ಕೊಡಬೇಕು. ಬೇಕಾದರೆ ವ್ಯಾನನ್ನೇ ಮಾರಿಬಿಡೋಣ ಎಂದು ಹೇಳಬೇಕೆನಿಸಿತ್ತು. ಹೇಳಿದರೆ ಕಾರಣ ಕೇಳುತ್ತಾಳೆ, ಕಾರಣ ಹೇಳಿದರೆ ನಗುತ್ತಾಳೆ. ಹಾಗಾಗಿ ಇವತ್ತು ಸಂಜೆಯೊಳಗೆ ಇದು ತನಗೇ ಸಿಗಬೇಕಿತ್ತು.

ಒಳಗೋಡೆಯ ಹಲಗೆಯೊಂದನ್ನು ಬಿಚ್ಚಿ ಟಾರ್ಚು ಬಿಟ್ಟ. ವೈರುಗಳು ಎಷ್ಟು ಚೆಂದ ಕಟ್ಟಿಸಿಕೊಂಡಿದ್ದವೆಂದರೆ ಅವನು ಟಾರ್ಚನ್ನು ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದ. ಗೇಣಿಗೊಂದರಂತೆ ಗಂಟು, ತಿರುವಿನಲ್ಲಿ ಒಂದಿಷ್ಟು ಸಡಿಲ, ತಗಡಿನ ಅಂಚು ತಾಗುವ ಕಡೆ ರಬ್ಬರಿನ ಕೊಳವೆ. ಯಾರೂ ನೋಡದ ಕತ್ತಲೆಯಲ್ಲಿ ಒಬ್ಬ ಮನುಷ್ಯ ಇಷ್ಟು ಅಕ್ಕರೆಯಿಂದ ಕೆಲಸ ಮಾಡುವುದು ಯಾರಿಗಾಗಿ? ಅವಳು ಆಗ ಎಲ್ಲಿದ್ದಳು? ಇಲ್ಲೇ, ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಟಾರ್ಚು ಹಿಡಿದಿದ್ದಿರಬೇಕು. ಕೈ ನೋಯುತ್ತೆ ಕಣೋ, ಬೇಗ ಮುಗಿಸು ಎಂದಿರಬೇಕು. ಆ ಮನುಷ್ಯನನ್ನು ಅವಳು ಏಕವಚನದಲ್ಲಿ ಕರೆಯುತ್ತಾಳೆ. ತನ್ನನ್ನು ಮೊದಲ ದಿನ ಕನ್ನಡಕದ ಅಂಗಡಿಯಲ್ಲಿ ಕರೆದ ಹಾಗೆಯೇ ಇವತ್ತಿಗೂ ಕರೆಯುತ್ತಾಳೆ. ಮರ್ಯಾದೆ ಎಂದರೆ ಇಷ್ಟೊಂದು ದೂರ ಕೂರಿಸುವುದು ಎಂದು ಅವನಿಗೆ ಮದುವೆಗೆ ಮುಂಚೆ ಗೊತ್ತಿರಲಿಲ್ಲ.

ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಅವನ ಕೆಲಸ. ಎದುರಿಗೆ ಕೂತವರ ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, ಮೊದಲನೆಯದು ಸ್ಪಷ್ಟವೋ, ಎರಡನೆಯದೋ ಎಂದು ದಿನವಿಡೀ ಕೇಳುವುದು. ಅವಳು ಬಂದ ದಿನವೂ ಕೇಳಿದ್ದ. ಅವಳು ತುಟಿ ಕಚ್ಚಿಕೊಂಡು ಗೋಡೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ಮೊದಲನೇದು ಇನ್ನೊಂದ್ಸಲ ತೋರಿಸ್ತೀರಾ?" ಎಂದಿದ್ದಳು. ಎಲ್ಲರೂ ಹಾಗೆ ಕೇಳುತ್ತಾರೆ. ನೂರಕ್ಕೆ ತೊಂಬತ್ತು ಮಂದಿ ಹಾಗೆಯೇ ಕೇಳುತ್ತಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಈಚೆಗೆ, ಊಟದ ನಡುವೆ, ಹಲ್ಲುಜ್ಜುವಾಗ, ಗಿರಾಕಿಯ ರೆಪ್ಪೆ ಎತ್ತಿ ಹಿಡಿದಿರುವಾಗ ಆ ವಾಕ್ಯ ಸುಮ್ಮನೆ ಬಂದು ಎದುರಿಗೆ ಕೂರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಆ ಒದೆ. ಹಾಸಿಗೆಯ ತಲೆಯ ಕಡೆ ಓದುವ ದೀಪವೊಂದಿತ್ತು. ಸ್ವಿಚ್ಚು ಹಾಕಿದರೆ ಅದು ಹತ್ತುತ್ತಿರಲಿಲ್ಲ. ಅವಳು ಮಲಗಿದಲ್ಲಿಂದಲೇ, ಮಾತು ನಿಲ್ಲಿಸದೆ, ಹಿಮ್ಮಡಿಯಿಂದ ಹಾಸಿಗೆಯ ಹಲಗೆಗೆ ಒಂದು ಒದೆ ಕೊಡುತ್ತಿದ್ದಳು, ದೀಪ ಹತ್ತುತ್ತಿತ್ತು. ಎಷ್ಟು ಜೋರಾಗಿ, ಎಲ್ಲಿಗೆ ಎಂದು ಆ ಹಿಮ್ಮಡಿಗೆ ಗೊತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವನು ಲೆಕ್ಕ ಹಾಕುತ್ತಿದ್ದ. ಇಷ್ಟು ಪಳಗಬೇಕಾದರೆ ಈ ಹಾಸಿಗೆಯ ಮೇಲೆ ಎಷ್ಟು ರಾತ್ರಿ ಕಳೆದಿರಬೇಕು? ಯಾರ ಪಕ್ಕದಲ್ಲಿ? ದೀಪ ಹತ್ತಿದ ಮೇಲೆ ಆ ಬೆಳಕಿನಲ್ಲಿ ಅವಳು ಇವನ ಕಡೆ ತಿರುಗಿ ಏನಾದರೂ ಕೇಳಿದರೆ, ಅವನು ಎರಡು ಸಲ ಕೇಳಿಸಿಕೊಂಡು ಒಂದು ಸಲ ಉತ್ತರ ಕೊಡುತ್ತಿದ್ದ. ಆ ಒದೆಯ ಬಗ್ಗೆ ಮಾತ್ರ ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ ಎಂಬ ಹೆದರಿಕೆ.

"ಅಳಿಯಂದಿರೇ, ಬದುಕಿದೀರಾ?" ಎಂದು ಬಾಗಿಲ ಹತ್ತಿರ ಅತ್ತೆಯ ದನಿ. ಮಗಳ ಜೊತೆಗೇ ಇರುವ ಅತ್ತೆಗೆ ಯಾರ ಮೇಲೂ ದ್ವೇಷವಿಲ್ಲ, ಯಾವುದರ ಬಗ್ಗೆಯೂ ಗುಟ್ಟಿಲ್ಲ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಮೊಬೈಲು. "ಚಹಾ ತಗೊಳ್ಳಿ. ಎರಡು ಕಾಲು ಮಾತ್ರ ಕಾಣ್ತಿದೆ, ಯಾರೋ ಹೋಗಿಬಿಟ್ಟಿದಾರೆ ಅನ್ಕೊಂಡ್ರು ಎದುರು ಮನೆಯವರು."

"ಇನ್ನೇನು ಆಯ್ತು ಅತ್ತೆ."

"ಬೆಳಿಗ್ಗೆಯಿಂದ ಆಯ್ತು ಆಯ್ತು ಅಂತಾನೇ ಇದೀರಿ. ಆಗದೆ ಇರೋದು ಏನು ಅಂತ ಕೇಳೋಣ ಅಂತ ಫೋನ್ ಮಾಡ್ದೆ. ತಗೊಳ್ಳಿ, ಹಳೇ ಅಳಿಯಂದಿರು ಲೈನಲ್ಲಿದಾರೆ."

ಅವನು ಏಳಹೋಗಿ ಹಣೆಯನ್ನು ಒಲೆಯ ಮೂಲೆಗೆ ಜಪ್ಪಿಕೊಂಡ. ಮೊಬೈಲಿನ ಪರದೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಅಂದರೆ ಆ ಕಡೆಯವನು ಇಷ್ಟನ್ನೂ ಕೇಳಿಸಿಕೊಂಡಿದ್ದ. ಹಣೆ ತಾಗಿದ ಸದ್ದನ್ನೂ.

"ಏನ್ ಡಾಕ್ಟ್ರೇ, ಹುಷಾರು," ಎಂದಿತು ದನಿ. ಅವನು ಡಾಕ್ಟರಲ್ಲ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. "ಆ ಮೂಲೆ ನನ್ನ ತಲೇಲೂ ಒಂದು ಗುರುತು ಮಾಡಿದೆ."

"ಪರವಾಗಿಲ್ಲ."

"ಏನು ತೊಂದರೆ ಹೇಳಿ."

ಅವನು ಹೇಳಿದ. ರೋಗಿಯ ಕುರ್ಚಿಯಲ್ಲಿ ತಾನು ಕೂತಿರುವಂತೆ, ಒಂದೊಂದೇ ಲಕ್ಷಣ. ಆ ಕಡೆಯವನು ನಡುವೆ ಬಾಯಿ ಹಾಕದೆ ಕೇಳಿದ. ಅದು ಇನ್ನೂ ಕೆಟ್ಟದ್ದಾಗಿತ್ತು.

"ಯಾವಾಗಿಂದ ಹೀಗೆ?"

"ಮೊದಲಿನಿಂದಲೂ ಹೀಗೇ ಅಲ್ವಾ."

"ಇಲ್ಲಪ್ಪ. ನನ್ನ ಕಾಲದಲ್ಲಿ ಎಲ್ಲಾ ಒಟ್ಟಿಗೆ ಹಾಕಿದ್ರೂ ದೀಪ ಕಣ್ಣು ಮಿಟುಕಿಸ್ತಿರಲಿಲ್ಲ."

ನನ್ನ ಕಾಲದಲ್ಲಿ. ರಾಜ್ಯ ಬಿಟ್ಟುಹೋದ ರಾಜನ ಮಾತು. "ಹಾಸಿಗೆಗೆ ಒದ್ದರೆ ಹತ್ತುತ್ತೆ," ಎಂದು ಅವನು ಬೇಕೆಂದೇ ಹೇಳಿದ. ಆ ಕಡೆಯವನು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ತಡವರಿಸಬಹುದೆಂದು ಕಾದ.

"ಒದೆಯೋದಾ? ಯಾಕ್ರೀ ಪಾಪದ ಹಾಸಿಗೆಗೆ ಒದೀತೀರಿ?" ದನಿ ನಕ್ಕಿತು. ಎಂಥ ನಟನೆ, ನಾಟಕದವರ ಸಹವಾಸ ಎಂದುಕೊಂಡ ಅವನು. "ನೋಡಿ, ಕೆಂಪು ವೈರಲ್ಲಿ ಏನೂ ಸಿಗಲ್ಲ ನಿಮಗೆ. ಹೋಗೋದಕ್ಕೆ ಮಾತ್ರ ವೈರು. ಕರೆಂಟು ವಾಪಸ್ ಬರೋದಕ್ಕೆ ಗಾಡಿ ಮೈಯೇ ದಾರಿ. ಎಲ್ಲಾ ಕಪ್ಪು ವೈರೂ ಹಾಸಿಗೆ ಕೆಳಗೆ ಒಂದೇ ಬೋಲ್ಟಿಗೆ ಬರುತ್ತೆ. ಅದರ ಅಡಿ ತಗಡನ್ನ ನಾನು ಹೊಳೆಯೋ ತನಕ ಉಜ್ಜಿ ಕೂರಿಸಿದ್ದೆ. ಅದು ಕೆಡೋ ಸಾಧ್ಯತೆ ಇಲ್ಲ, ಯಾರೂ ಬಿಚ್ಚದಿದ್ರೆ. ಯಾರೂ ಬಿಚ್ಚಿಲ್ಲ ತಾನೆ?"

"ಇಲ್ಲ," ಎಂದ ಅವನು. ಎಂದಮೇಲೆ ನೆನಪಾಯಿತು.

"ಹಾಗಾದ್ರೆ ಭಾನುವಾರ ನಾನೇ ಬರ್ತೀನಿ ಬಿಡಿ. ನೋಡೇಬಿಡೋಣ."

ಅತ್ತೆ ಮೊಬೈಲು ಇಸಿದುಕೊಂಡು, ಹಳೆಯ ಅಳಿಯನ ಮಂಡಿನೋವು ಹೇಗಿದೆಯೆಂದು ವಿಚಾರಿಸುತ್ತ ಮನೆಯೊಳಗೆ ಹೋದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅವನು ಅದನ್ನೇ ನೋಡುತ್ತ ಕೂತ. ಅಂದು ಪೇಂಟಿನ ಅಂಗಡಿಯಲ್ಲಿ ಡಬ್ಬಗಳನ್ನು ತಿರುವಿ ತಿರುವಿ ನೋಡಿ ಅವನು ಆರಿಸಿದ್ದು ಇದೇ ಕೆನೆಯ ಬಣ್ಣ. ಮದುವೆಯಾದ ಹೊಸತರಲ್ಲಿ ವ್ಯಾನಿನ ಒಳಗೆಲ್ಲ ಕಡುನೀಲಿ ಇತ್ತು, ನಾಟಕದ ಮಂದಿಯ ನೀಲಿ, ರಂಗದ ಮೇಲೆ ರಾತ್ರಿಯಾಗಿದೆ ಎಂದು ಹೇಳುವ ನೀಲಿ. ಹಳೆಯ ಬಣ್ಣದ ವಾಸನೆಗೆ ತಲೆ ನೋಯುತ್ತದೆ, ಬೇರೆ ಹಚ್ಚುವವರೆಗೆ ಇದರಲ್ಲಿ ಮಲಗಲಾರೆ ಎಂದಿದ್ದ. ಅವಳು ಮೂಗು ಎತ್ತಿ ನೋಡಿ, ವಾಸನೆ ಏನೂ ಇಲ್ಲವಲ್ಲ ಎಂದು, ಆಮೇಲೆ ಏನೋ ಹೊಳೆದವಳಂತೆ, ಹಚ್ಚಿ ಎಂದಿದ್ದಳು. ಅವನು ರಜೆ ಹಾಕಿ ಒಬ್ಬನೇ ಹಚ್ಚಿದ. ಬೇರೆ ಯಾರಾದರೂ ಆಗಿದ್ದರೆ ತಿರುಪುಗಳ ಸುತ್ತ ಕುಂಚ ಆಡಿಸಿ ಬಿಡುತ್ತಿದ್ದರು. ಅವನು ಗಾಜಿನ ಮೇಲಿನ ಕೂದಲೆಳೆಯ ಗೆರೆಯನ್ನೂ ಸಹಿಸದವನು. ಒಂದೊಂದೇ ತಿರುಪು, ಒಂದೊಂದೇ ಬೋಲ್ಟು ಬಿಚ್ಚಿ, ಅಡಿಯ ತಗಡಿಗೂ ಎರಡು ಕೈ ಬಣ್ಣ ಕೊಟ್ಟು, ಒಣಗಿಸಿ, ಮತ್ತೆ ಕೂರಿಸಿದ್ದ. ಯಾವ ತಿರುಪಿನ ತಲೆಯ ಕೆಳಗೂ ಒಂದು ಚುಕ್ಕೆ ನೀಲಿ ಉಳಿಯಬಾರದು. ಹಾಸಿಗೆಯ ಕೆಳಗಿನ ಬೋಲ್ಟಿನ ಅಡಿ ಮಾತ್ರ ನೀಲಿಯೇ ಇರಲಿಲ್ಲ, ಬಿಲ್ಲೆಯಗಲದ ಬೆಳ್ಳಗಿನ ತಗಡಿತ್ತು ಎಂಬುದು ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ನೋಡಿದ್ದ. ನೋಡು, ಇಲ್ಲಿ ಬಣ್ಣ ಹಚ್ಚುವುದನ್ನೇ ಮರೆತಿದ್ದಾನೆ ಎಂದು ಒಬ್ಬನೇ ನಕ್ಕಿದ್ದ. ಆ ಜಾಗಕ್ಕೆ ಮೂರು ಕೈ ಕೊಟ್ಟಿದ್ದ.

ಹಾಸಿಗೆ ಎತ್ತಿ, ಹಲಗೆ ಸರಿಸಿ, ಮೀಟರಿನ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ಕಿತ್ತು ಈ ಬೋಲ್ಟಿಗೆ ಕಚ್ಚಿಸಿದ. ಕೆಂಪು ಕಡ್ಡಿ ಬೆಳಿಗ್ಗೆಯಿಂದ ಸರಿಯಿದೆ ಸರಿಯಿದೆ ಎನ್ನುತ್ತಿದ್ದ ಜಾಗದಲ್ಲೇ ಇತ್ತು. ಪಂಪು ಹಾಕಿದ. ಅಂಕಿ ಅರ್ಧಕ್ಕೆ ಕುಸಿಯಿತು. ಬೆಳಿಗ್ಗೆಯಿಂದ ಅವನು ಆ ಮನುಷ್ಯನ ವೈರುಗಳನ್ನೇ ಪರೀಕ್ಷೆ ಮಾಡಿದ್ದ; ಹಿಂದಿರುಗುವ ದಾರಿಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟು ಚಿರ್ರೆಂದು ಕೂಗಿ ಬಂತು. ಕಪ್ಪು ವೈರುಗಳ ತುದಿಯ ತಾಮ್ರದ ಬಳೆಗಳು ತಗಡಿನ ಮೇಲೆ ಅಲ್ಲ, ಅವನ ಕೆನೆಬಣ್ಣದ ಮೇಲೆ ಕೂತಿದ್ದವು. ನುಣುಪಾದ, ಕುಂಚದ ಗೆರೆ ಕಾಣದ ಬಣ್ಣ. ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಚಕ್ಕೆ ಎದ್ದಿತ್ತು. ಬಣ್ಣ ಕರೆಂಟನ್ನು ಬಿಡುವುದಿಲ್ಲ; ಇಷ್ಟು ದಿನ ದೀಪ, ಫ್ಯಾನು, ಪಂಪು ಎಲ್ಲದರ ಕರೆಂಟೂ ಆ ಕಿಂಡಿಯಲ್ಲೇ ನುಸುಳಿ ಮನೆ ಸೇರಬೇಕಾಗಿತ್ತು. ಒದೆಗೆ ಹಲಗೆ ಅದುರಿದಾಗ ಬಳೆ ಆ ಕಿಂಡಿಗೆ ಒತ್ತುತ್ತಿತ್ತು.

ಮನೆಯ ಅಡಿಗೆಮನೆಯ ಕಿಟಕಿಯಲ್ಲಿ ಅವಳ ತಲೆ ಆಗಾಗ ಸುಳಿಯುತ್ತಿತ್ತು. ಅವನು ಬೆನ್ನು ತಿರುಗಿಸಿ ಕೂತು ಸ್ಯಾಂಡ್ ಪೇಪರಿನಿಂದ ಉಜ್ಜಿದ. ತನ್ನ ಕೆಲಸವನ್ನು ತಾನೇ ಉಜ್ಜಿ ತೆಗೆಯುವುದರಲ್ಲಿ, ಅದೂ ಇಷ್ಟು ಗಟ್ಟಿಯಾಗಿ ಹಿಡಿದ ಬಣ್ಣವನ್ನು, ಒಂದು ಬಗೆಯ ಅವಮಾನವಿತ್ತು. ಮೊದಲ ಕೈ, ಎರಡನೆಯ ಕೈ, ಮೂರನೆಯ ಕೈ ಎಂದು ಪದರ ಪದರವಾಗಿ ಹಿಂದಕ್ಕೆ ನಡೆದ ಹಾಗೆ. ಪುಡಿ ಎದ್ದು ಕನ್ನಡಕದ ಮೇಲೆ, ರೆಪ್ಪೆಯ ಮೇಲೆ, ಶರ್ಟಿನ ಕಾಲರಿನ ಒಳಗೆ ಕೂತಿತು. ಕೊನೆಗೆ ಕೆಳಗಿನಿಂದ ಒಂದು ಹೊಳಪು ಮೇಲೆದ್ದಿತು. ದುಂಡಗೆ, ಬಿಲ್ಲೆಯಗಲ. ತಗಡಿನ ಮೇಲೆ ಸುತ್ತು ಸುತ್ತಾಗಿ ಸಣ್ಣ ಗೀರುಗಳಿದ್ದವು. ಅವು ತನ್ನವಲ್ಲ, ತಾನು ಉದ್ದುದ್ದ ಉಜ್ಜಿದ್ದ. ಆ ಮನುಷ್ಯನ ಕೈ ತಿರುಗಿದ ಗುರುತು. ಅಷ್ಟು ದಿನ ಬಣ್ಣದ ಅಡಿಯಲ್ಲಿ ಒಂದಿಷ್ಟೂ ತುಕ್ಕು ಹಿಡಿಯದೆ, ತಾನೇ ಕಾಪಾಡಿಟ್ಟಂತೆ ಉಳಿದಿತ್ತು. ಅದನ್ನೂ ಉಜ್ಜಿ ಹಾಕಬಹುದಿತ್ತು. ಅವನು ಉಜ್ಜಲಿಲ್ಲ, ಬಳೆಗಳನ್ನು ಅದರ ಮೇಲೆ ಜೋಡಿಸಿ ಬೋಲ್ಟು ಬಿಗಿದು, ಹಲಗೆಯನ್ನೂ ಹಾಸಿಗೆಯನ್ನೂ ಮೊದಲಿನಂತೆ ಇಟ್ಟ.

ಪಂಪು ಹಾಕಿದ. ಫ್ಯಾನು ಹಾಕಿದ. ಒಂದೊಂದಾಗಿ ಎಲ್ಲ ದೀಪಗಳನ್ನೂ ಹಾಕಿದ. ಯಾವುದೂ ಯಾವುದರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಹೊರಗೆ ಬಿಸಿಲು ಇಳಿಮುಖವಾಗಿತ್ತು. ವ್ಯಾನಿನ ಕಿಟಕಿಗಳಿಂದ ಬೆಳಕು ರಸ್ತೆಗೆ ಚೆಲ್ಲಿದ್ದನ್ನು ನೋಡಿಯೇ ಇರಬೇಕು, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಸಿಕ್ತಾ ರೀ?"

"ಸಿಕ್ತು."

ಅವಳು ಒಳಗೆ ಹತ್ತಿ, ಫ್ಯಾನಿಗೆ ಮುಖ ಕೊಟ್ಟು ನಿಂತು, ಪಂಪು ಒತ್ತಿ ಬೊಗಸೆಯಷ್ಟು ನೀರು ಹಿಡಿದು ನೋಡಿದಳು. ಮಕ್ಕಳ ಹಾಗೆ ಖುಷಿಪಟ್ಟಳು. "ಏನಾಗಿತ್ತು?"

"ಹಾಸಿಗೆ ಕೆಳಗಿನ ಬೋಲ್ಟು. ಸಡಿಲ ಇತ್ತು." ಅಲ್ಲಿಗೇ ನಿಲ್ಲಿಸಬಹುದಿತ್ತು. "ಹಾಕಿದವರು ಸರಿಯಾಗಿ ಬಿಗಿ ಮಾಡಿರಲಿಲ್ಲ."

ಅವಳು ಹತ್ತಿರ ಬಂದಳು. ಅವನ ಕಾಲರಿನ ಮೇಲಿದ್ದ ಕೆನೆಬಣ್ಣದ ಚಕ್ಕೆಯೊಂದನ್ನು ಬೆರಳ ತುದಿಯಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅದನ್ನು ಕೈತೊಳೆಯುವ ತೊಟ್ಟಿಯೊಳಗೆ ಉದುರಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅವನು ಕಾದ. ಅವಳು ಮೊಬೈಲು ತೆಗೆದಳು.

"ಹಲೋ. ಭಾನುವಾರ ಬರೋದು ಬೇಡ ಕಣೋ, ಸರಿಹೋಯ್ತು... ಹೂಂ, ಇವರೇ ಮಾಡಿದ್ರು... ಬೋಲ್ಟು ಸಡಿಲ ಇತ್ತಂತೆ." ಆ ಕಡೆಯಿಂದ ಸಣ್ಣಗೆ, ಆದರೆ ಸ್ಪಷ್ಟವಾಗಿ, ಆ ನಗುವಿನ ದನಿ: "ಹೌದಾ? ಇರಬಹುದು ಬಿಡು, ಆಗ ಅವಸರದಲ್ಲಿದ್ದೆನೇನೋ. ಡಾಕ್ಟ್ರು ಗೆದ್ರು ಅಂತ ಹೇಳು."

ಡಾಕ್ಟ್ರು ಗೆದ್ದಿದ್ದರು. ಭಾನುವಾರ ಯಾರೂ ಬರುವುದಿಲ್ಲ. ಬೆಳಿಗ್ಗೆಯಿಂದ ಅವನು ಬಯಸಿದ್ದು ಇದನ್ನೇ, ಇಷ್ಟನ್ನೇ; ಅದು ಕೈಗೆ ಬಂದಾಗ ಯಾರೋ ಉಂಡು ಬಿಟ್ಟ ತಟ್ಟೆಯಂತೆ ಇತ್ತು.

ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಒರಗಿ ಓದುವ ದೀಪದ ಸ್ವಿಚ್ಚಿಗೆ ಕೈ ಹಾಕಿದಳು. ಹಾಕುವಾಗಲೇ ಅಭ್ಯಾಸಬಲದಿಂದ ಹಿಮ್ಮಡಿ ಹಲಗೆಗೆ ಬಡಿಯಿತು. ದೀಪ ಅಷ್ಟರಲ್ಲಿ ಹತ್ತಿಯಾಗಿತ್ತು. ಅವಳು ತನ್ನ ಕಾಲನ್ನೇ ನೋಡಿಕೊಂಡು ನಕ್ಕಳು. "ಇನ್ಮೇಲೆ ಒದೆಯೋ ಹಾಗಿಲ್ಲ."

ಇಷ್ಟು ವರ್ಷ ಕೇಳದ್ದನ್ನು ಅವನು ಕೇಳಿದ. "ಅದನ್ನ ಯಾವಾಗ ಕಲಿತಿದ್ದು?"

"ಯಾವುದು? ಒದೆಯೋದಾ?" ಅವಳು ಹುಬ್ಬೇರಿಸಿದಳು. "ನಿಮ್ಮ ಹತ್ರಾನೇ. ನೆನಪಿಲ್ವಾ? ಬಣ್ಣ ಹಚ್ಚಿ ಮೊದಲನೇ ಸಲ ಹೋದ್ವಲ್ಲ, ಕೆರೆ ದಂಡೆಗೆ. ಈ ದೀಪ ಹತ್ತಲೇ ಇಲ್ಲ. ನಿಮಗೆ ಎಲ್ಲಿಲ್ಲದ ಸಿಟ್ಟು ಬಂದು, ಏನು ಕರ್ಮದ ಗಾಡಿ ಅಂತ ಹಾಸಿಗೆಗೆ ಒಂದು ಜಾಡಿಸಿ ಒದ್ರಿ. ಪಟ್ ಅಂತ ಹತ್ತಿಬಿಡ್ತು. ನಿಮ್ಮ ಮುಖ ನೋಡಬೇಕಿತ್ತು. ನಾನು ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡೆ." ಅವಳು ಸ್ವಲ್ಪ ಹೊತ್ತು ದೀಪವನ್ನು ನೋಡಿದಳು. "ಅವತ್ತು ಅನ್ನಿಸ್ತು ನನಗೆ, ಇವರ ಜೊತೆ ಹೊಂದಿಕೊಂಡು ಹೋಗಬಹುದು ಅಂತ. ಆಮೇಲೆ ಪ್ರತಿಸಲ ಒದೀವಾಗಲೂ ನೀವು ನಗ್ತೀರೇನೋ ಅಂತ ನೋಡ್ತಿದ್ದೆ. ನೀವು ಗೋಡೆ ಕಡೆ ತಿರುಗಿ ಮಲಗ್ತಿದ್ರಿ."

ಮನೆಯಿಂದ ಅತ್ತೆ ಕರೆದರು. ಅವಳು ಅವನ ಹಣೆಯ ಮೇಲಿನ ಊತವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಬನ್ನಿ, ಏನಾದರೂ ಹಚ್ಚುತ್ತೇನೆ ಎಂದು ಇಳಿದುಹೋದಳು.

ಕೆರೆಯ ದಂಡೆ ಅವನಿಗೆ ನೆನಪಿತ್ತು. ನೀರಿನ ಮೇಲೆ ಮಂಜು ಇದ್ದದ್ದು, ಹೊಸ ಬಣ್ಣದ ವಾಸನೆ, ಆ ರಾತ್ರಿಯಿಡೀ ಅವಳ ಪಕ್ಕದಲ್ಲಿ ಮಲಗಿ, ಇದೇ ಜಾಗದಲ್ಲಿ ಆ ಮನುಷ್ಯ ಯಾವ ಮಗ್ಗುಲಿಗೆ ಮಲಗುತ್ತಿದ್ದಿರಬಹುದೆಂದು ಲೆಕ್ಕ ಹಾಕಿದ್ದು, ಎಲ್ಲ ನೆನಪಿತ್ತು. ಒದ್ದದ್ದು ನೆನಪಿರಲಿಲ್ಲ. ಅವಳು ನಕ್ಕಿದ್ದು ನೆನಪಿರಲಿಲ್ಲ. ಹುಡುಕಿದ, ಆ ಜಾಗದಲ್ಲಿ ನುಣುಪಾಗಿ ಬಣ್ಣ ಹಚ್ಚಿದಂತಿತ್ತು.

ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು. ಬೋಲ್ಟನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಸಾಕು, ಇವತ್ತು ರಾತ್ರಿಯೇ ಆ ಹಿಮ್ಮಡಿ ಮತ್ತೆ ಬಡಿಯುತ್ತದೆ, ಈ ಸಲ ತಾನು ಗೋಡೆಯ ಕಡೆ ತಿರುಗದೆ ಇರಬಹುದು. ಹಾಗೆ ತಿರುಗಿಸಿದರೆ ಭಾನುವಾರ ಆ ಮನುಷ್ಯ ಬರುತ್ತಾನೆ, ಹಾಸಿಗೆ ಎತ್ತುತ್ತಾನೆ, ತಾನು ಉಜ್ಜಿದ ಬಿಲ್ಲೆಯ ಸುತ್ತ ಕೆನೆಬಣ್ಣವನ್ನು ಒಂದೇ ನೋಟದಲ್ಲಿ ಓದುತ್ತಾನೆ. ಸ್ಪ್ಯಾನರ್ ಕೆಳಗಿಟ್ಟು ಅವನು ಹಾಸಿಗೆಯ ಮೇಲೆ ಒರಗಿ, ಅವಳು ಚಾಚಿದ್ದ ಹಾಗೆಯೇ ಕಾಲು ಚಾಚಿದ. ಹಿಮ್ಮಡಿಯಿಂದ ಹಲಗೆಗೆ ಒದ್ದ. ಇನ್ನೊಮ್ಮೆ, ಜೋರಾಗಿ. ಒಲೆಯ ಮೇಲಿನ ಚಹಾದ ಲೋಟ ಕಿಣಿಕಿಣಿ ಎಂದಿತು. ದೀಪ ಅಲುಗದೆ ಉರಿಯುತ್ತಿತ್ತು.